ರೊಟ್ಟಿ ಮುರಿಯದ ಭಾನುವಾರಗಳು

ನಮ್ಮ ಚರ್ಚಿನಲ್ಲಿ ರೊಟ್ಟಿ ಮುರಿಯದ ಭಾನುವಾರಗಳಲ್ಲಿ ಜನರೆಲ್ಲ ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಿದ್ದರು. ಮುಂದೆ ಬಲಿಪೀಠದ ಬಳಿ ದೇವಸಹಾಯ ಅಯ್ಯನವರು ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ಎಳೆಯುವರು, ತಿರುಚುವರು, ಕಾಲಲ್ಲಿ ಒತ್ತಿ ಹಿಡಿದು ಜಗ್ಗುವುದೊಂದು ಬಾಕಿ. ರೊಟ್ಟಿ ಮಾತ್ರ ಒದ್ದೆ ಬಟ್ಟೆಯ ಹಾಗೆ ಬಾಗಿ, ಬಿಟ್ಟ ಕೂಡಲೇ ಮೊದಲಿನಂತೆ ದುಂಡಗಾಗಿ ತಟ್ಟೆಯಲ್ಲಿ ಕೂರುತ್ತಿತ್ತು. ಆಮೇಲೆ ಅಯ್ಯನವರು ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿ, ಕೊನೆಯ ಕೀರ್ತನೆ ಹಾಡಿಸಿ, ಜನರನ್ನು ಪ್ರಭುಭೋಜನವಿಲ್ಲದೆ ಮನೆಗೆ ಕಳಿಸುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಿರುತ್ತಿದ್ದೆ. ನೋಡಲಿ ಬಿಡಿ, ನೋಡಿದರೆ ನನ್ನ ಮೈಯೇನೂ ಸವೆಯುವುದಿಲ್ಲ.

ಸಭೆಯಲ್ಲಿ ಯಾರೊಬ್ಬರ ಎದೆಯಲ್ಲಿ ಇನ್ನೊಬ್ಬರ ಮೇಲೆ ಕ್ಷಮಿಸದ ಕೋಪ ಉಳಿದಿದ್ದರೂ ನಮ್ಮಲ್ಲಿ ರೊಟ್ಟಿ ಮುರಿಯುವುದಿಲ್ಲ. ಬಿಳಿ ದೊರೆಗಳು ಬಂದು ಈ ಆಂಗ್ಲಿಕನ್ ಚರ್ಚು ಕಟ್ಟಿಸಿ ಗಂಟೆ ತೂಗುಹಾಕಿದ ಕಾಲದಿಂದಲೂ ಹೀಗೇ. ಕೋಪ ಇರುವವರು ಅವತ್ತು ಪಕ್ಕದ ಊರಿಗೆ ಹೋಗಿ ಕೂತರೂ ಅಷ್ಟೇ, ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದರೂ ಅಷ್ಟೇ. ಬಲಿಪೀಠದ ಮೇಲೆ ಚಾಕುವಿಗೂ ಜಗ್ಗದ ರೊಟ್ಟಿಯನ್ನೇ ಮಧ್ಯಾಹ್ನ ಗಂಟೆ ಹೊಡೆಯುವವನ ಮನೆಯ ಮಕ್ಕಳು ಹರಿದು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದವು. ನಮಗದು ಸೋಜಿಗವಲ್ಲ. ಬಾವಿಯ ನೀರು ಉಪ್ಪಾಗಿರುವ ಊರಿನವರು ಸಾರಿಗೆ ಉಪ್ಪು ಕಡಿಮೆ ಹಾಕುವುದನ್ನು ಕಲಿಯುತ್ತಾರಲ್ಲ, ಹಾಗೆ ನಾವೂ ಹೊಂದಿಕೊಂಡಿದ್ದೆವು.

ಪ್ರಭುಭೋಜನ ತಿಂಗಳ ಮೊದಲ ಭಾನುವಾರ. ಅದರ ಹಿಂದಿನ ಶನಿವಾರ ಸಮಾಧಾನದ ಸಂಜೆ. ದೀಪ ಹಚ್ಚುವುದರೊಳಗೆ ಜಗಳವಾಡಿದವರೆಲ್ಲ ಒಬ್ಬರ ಮನೆಗೊಬ್ಬರು ಹೋಗಿ, ಒಂದೇ ಲೋಟದಲ್ಲಿ ಬೆಲ್ಲದ ನೀರು ಕುಡಿದು ರಾಜಿಯಾಗಬೇಕು. ಬಂದವರು ‘ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿ’ ಅನ್ನಬೇಕು, ಮನೆಯವರು ‘ಕರ್ತನು ಇಬ್ಬರನ್ನೂ ಕ್ಷಮಿಸಲಿ’ ಅನ್ನಬೇಕು. ನಲ್ಲಿಯ ಹತ್ತಿರ ಕೊಡ ಒಡೆದುಕೊಂಡ ವಾರಗಿತ್ತಿಯರು, ಕೋಳಿಗಾಗಿ ಬಡಿದಾಡಿದ ನೆರೆಯವರು, ಮದುವೆ ಊಟದಲ್ಲಿ ಮೂಳೆ ಮಾತ್ರ ಬಡಿಸಿದರೆಂದು ಮುಖ ತಿರುಗಿಸಿಕೊಂಡ ಬೀಗರು, ಎಲ್ಲರೂ ಅವತ್ತು ಓಡಾಡುವುದೇ ಓಡಾಡುವುದು. ಬೀದಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ ‘ನಿಮ್ಮನೆಗೇ ಬರ್ತಿದ್ದೆ’ ಎಂದು ನಗುತ್ತಿದ್ದರು. ನಿಮ್ಮಲ್ಲಿ ಪೊಲೀಸರಿಗೆ ಕೆಲಸವಿಲ್ಲ, ವಕೀಲರಿಗೆ ಅನ್ನವಿಲ್ಲ ಎಂದು ಸುತ್ತಲಿನ ಊರಿನವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಒಂದು ವಿಷಯವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಡೆದವನಿಗೆ ಕೋಪ ಇರುವುದಿಲ್ಲ, ಹೊಡೆಸಿಕೊಂಡವನಿಗೆ ಇರುತ್ತದೆ. ಹಾಗಾಗಿ ರೊಟ್ಟಿಗೆ ಅಡ್ಡ ಬರುವವರು ಯಾವಾಗಲೂ ಹೊಡೆಸಿಕೊಂಡವರೇ. ನನ್ನ ಅಪ್ಪ ಕುಡಿದು ಬಂದು ಅವ್ವನ ಬೆನ್ನ ಮೇಲೆ ಸೌದೆ ಮುರಿಯುತ್ತಿದ್ದ. ಶನಿವಾರ ಸಂಜೆ ಬೆಲ್ಲದ ನೀರಿನ ಲೋಟ ಹಿಡಿದು ‘ಏನಾದ್ರೂ ತಪ್ಪಾಗಿದ್ರೆ’ ಅನ್ನುತ್ತಿದ್ದ. ಅವ್ವ ಕ್ಷಮಿಸುತ್ತಿದ್ದಳು. ಬಾಯಿಮಾತಿಗಲ್ಲ, ನಿಜವಾಗಿಯೇ. ಮಾರನೆಯ ದಿನ ರೊಟ್ಟಿ ಸಲೀಸಾಗಿ ಮುರಿಯುತ್ತಿತ್ತಲ್ಲ, ಬೇರೆ ಸಾಕ್ಷಿ ಏಕೆ? ಅವಳು ಸತ್ತಾಗ ‘ಇಂಥ ತಾಳ್ಮೆಯ ಹೆಂಗಸು ಸಭೆಗೆ ಒಂದು ಆಭರಣ’ ಎಂದು ಭಾಷಣ ಮಾಡಿದರು. ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟು ಬರುತ್ತದೆ. ಸತ್ತವರ ಮೇಲಿನ ಸಿಟ್ಟನ್ನು ರೊಟ್ಟಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದೊಂದು ಪುಣ್ಯ.

ಆ ಭಾಷಣ ಮಾಡಿದವರು ಎಫ್ರಾಯಿಮ ಮೇಷ್ಟ್ರು. ಮಿಷನ್ ಶಾಲೆಯಲ್ಲಿ ಹೆಡ್‌ಮೇಷ್ಟ್ರಾಗಿದ್ದು ನಿವೃತ್ತರಾದವರು, ಸಭೆಯ ಹಿರಿಯರು. ಅಯ್ಯನವರಿಗೆ ನಮ್ಮದಲ್ಲದೆ ಸುತ್ತಲ ಹಳ್ಳಿಗಳ ಸಭೆಗಳೂ ಇದ್ದುದರಿಂದ ಅವರು ವಾರವಿಡೀ ಮೋಟಾರ್ ಸೈಕಲ್ಲಿನ ಮೇಲೆಯೇ ಇರುತ್ತಿದ್ದರು. ಚರ್ಚಿನ ಬೀಗದಕೈ ಮೇಷ್ಟ್ರ ಸೊಂಟದಲ್ಲಿ ಇರುತ್ತಿತ್ತು. ಬೆಳೆದ ಮಕ್ಕಳಿಗೆ ಪಾಠ ಹೇಳಿ ದೃಢೀಕರಣಕ್ಕೆ, ಅಂದರೆ ಪ್ರಭುಭೋಜನದ ಸಾಲಿಗೆ ಸೇರಲು, ತಯಾರು ಮಾಡುವುದು, ಗಂಟೆ ಹೊಡೆಸುವುದು, ಸ್ಮಶಾನದಲ್ಲಿ ಗುಂಡಿಗೆ ಜಾಗ ತೋರಿಸುವುದು ಎಲ್ಲ ಅವರೇ. ಕೆಟ್ಟ ಮನುಷ್ಯ ಅನ್ನಲಾರೆ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನನ್ನ ಗಂಡ ಅಮೋಸ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ನಮಗೆ ಮಗುವಾದದ್ದು ನನ್ನ ಕೂದಲು ನರೆಯಲು ಶುರುವಾದ ಮೇಲೆ. ಇನ್ನು ಆಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದಾಗ ಹೆಣ್ಣು ಕೂಸು ಹುಟ್ಟಿತು. ನನ್ನ ಅತ್ತೆ ರೆಬೆಕ್ಕಮ್ಮ ಅದರ ತೊಡೆಗಳಿಗೆ ಎಣ್ಣೆ ತಿಕ್ಕುತ್ತಾ ಎಸ್ತೇರು ಎಂದು ಹೆಸರು ಹುಡುಕಿದರು. ನಮ್ಮಲ್ಲಿ ಬಾಣಂತಿ ಚರ್ಚಿಗೆ ಬಂದ ಮೊದಲ ಭಾನುವಾರವೇ ಕೂಸಿಗೆ ದೀಕ್ಷಾಸ್ನಾನ ಮಾಡಿಸುವುದು ರೂಢಿ. ಆದರೆ ಮೇಷ್ಟ್ರು ನಮ್ಮ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ‘ಅಮೋಸ, ಸುಗ್ಗಿ ಹಬ್ಬದ ಆರಾಧನೆಗೆ ಬಿಷಪ್ಪರು ಬರ್ತಾರೆ. ನಮ್ಮೂರಲ್ಲಿ ಇಲ್ಲೀವರ್ಗೂ ಒಂದು ಕೂಸಿನ ತಲೆಗೂ ಬಿಷಪ್ಪರ ಕೈ ನೀರು ಬಿದ್ದಿಲ್ಲ. ನಿನ್ ಮಗಳಿಗೆ ಆ ಭಾಗ್ಯ. ಸ್ವಲ್ಪ ದಿನ ತಡೀರಿ’ ಎಂದರು. ಅಮೋಸ ಮೈಯೆಲ್ಲ ನಗುವಾದ. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ? ಕಾರ್ಯಕ್ರಮದ ಚೀಟಿ ಅಚ್ಚಾಗಿ ಬಂತು. ‘ಬಿಷಪ್ಪರವರಿಂದ ಶಿಶು ದೀಕ್ಷಾಸ್ನಾನ’ ಎಂದು ದಪ್ಪ ಅಕ್ಷರದಲ್ಲಿತ್ತು.

ಹಬ್ಬಕ್ಕೆ ಇನ್ನೂ ಎರಡು ವಾರವಿತ್ತು, ಕೂಸಿಗೆ ಜ್ವರ ಹತ್ತಿತು. ಆಸ್ಪತ್ರೆಯ ಔಷಧಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಹಾಲು ಬಿಟ್ಟು, ಕಣ್ಣು ಮೇಲಕ್ಕೆ ತಿರುಗಿಸತೊಡಗಿತು. ಅತ್ತೆ ಮುಖ ನೋಡಿ ‘ಮೊದ್ಲು ನೀರು ಹಾಕಿಸ್ಕೊಂಬಾ’ ಎಂದರು. ಅಯ್ಯನವರು ಯಾವ ಹಳ್ಳಿಯಲ್ಲಿದ್ದರೋ ತಿಳಿಯದು. ನಾನು ಬಾಣಂತಿ ಮೈಯಲ್ಲಿ, ಚಪ್ಪಲಿಯೂ ಇಲ್ಲದೆ, ಕೂಸನ್ನು ಎದೆಗೊತ್ತಿಕೊಂಡು ಮೇಷ್ಟ್ರ ಮನೆಗೆ ಓಡಿದೆ. ಅವರು ಊಟ ಮುಗಿಸಿ ಕೈತೊಳೆಯುತ್ತಿದ್ದರು.

‘ಮೇಷ್ಟ್ರೇ, ಬೀಗ ತೆಗೀರಿ. ಕೂಸು ನಿಲ್ಲೋ ಹಂಗಿಲ್ಲ. ನೀವೇ ನೀರು ಹಾಕ್ರಿ’ ಎಂದೆ.

ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೂಸನ್ನು ನೋಡಿದರು. ‘ಹಂಗೆಲ್ಲ ಗಾಬ್ರಿ ಆಗಬಾರ್ದು ಪ್ರಿಸಿಲ್ಲ. ಕೂಸುಗಳಿಗೆ ಜ್ವರ ಬರುತ್ತೆ, ಹೋಗುತ್ತೆ. ಬಿಷಪ್ಪರ ಆಫೀಸಿಗೆ ಬರೆದಾಗಿದೆ. ಒಂದ್ಸಲ ನೀರು ಬಿದ್ದ ಕೂಸಿಗೆ ಮತ್ತೆ ಬೀಳೋ ಹಂಗಿಲ್ಲ. ಆಮೇಲೆ ಬಿಷಪ್ಪರ ಮುಂದೆ ಯಾರನ್ನ ನಿಲ್ಲಿಸ್ಲಿ ನಾನು?’

‘ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ.’

‘ಸಂಜೆ ಅಯ್ಯನೋರು ಬರ್ತಾರೇನೋ, ಕೇಳೋಣ. ಪ್ರಾರ್ಥನೆ ಮಾಡ್ಕೋ ಹೋಗವ್ವ’ ಎಂದು ಅವರೇ ಕೂಸಿನ ತಲೆಯ ಮೇಲೆ ಒಣ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರು.

ಕೂಸು ದಾರಿಯಲ್ಲೇ ನನ್ನ ತೋಳಿನಲ್ಲಿ ಹೋಯಿತು. ನಾನದನ್ನು ತಿಳಿಯದೆ ಮನೆಯವರೆಗೂ ಮಾತಾಡಿಸುತ್ತಲೇ ನಡೆದೆ. ಹೊಸಲಿನಲ್ಲಿ ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಅದರ ಕಣ್ಣುಗಳನ್ನು ಬೆರಳಿನಿಂದ ಮುಚ್ಚಿದರು.

ಮಣ್ಣಿಗೆ ಇಡುವಾಗ ಮತ್ತೆ ಮೇಷ್ಟ್ರೇ ಬಂದು ಜಾಗ ತೋರಿಸಿದರು. ದೀಕ್ಷಾಸ್ನಾನವಾಗದ ಕೂಸಿಗೆ ಸ್ಮಶಾನದ ಗೋಡೆಯ ಒಳಗೆ ಜಾಗವಿಲ್ಲ, ಪದ್ಧತಿ. ಗೋಡೆಯ ಹೊರಗೆ, ಎಮ್ಮೆಗಳು ಕೆರೆಗೆ ಇಳಿಯುವ ದಾರಿಯ ಪಕ್ಕ ಗುಂಡಿ ತೋಡಿದರು. ಗಂಟೆ ಹೊಡೆಯಲಿಲ್ಲ, ಪ್ರಾರ್ಥನೆಯ ಪುಸ್ತಕ ತೆರೆಯಲಿಲ್ಲ. ಎಮ್ಮೆ ಕಾಲಿಡದಿರಲಿ ಎಂದು ಅಮೋಸ ಮೇಲೆ ಜಾಲಿ ಮುಳ್ಳು ಹೊದಿಸಿದ.

ಎರಡು ದಿನ ಬಿಟ್ಟು ದೇವಸಹಾಯ ಅಯ್ಯನವರು ಬಂದರು. ಒಳ್ಳೆಯ ಮುದುಕ, ಕಣ್ಣಲ್ಲಿ ನೀರು ಹಾಕಿಕೊಂಡು ‘ನೀನೇ ಹಾಕಬಹುದಿತ್ತಲ್ಲವ್ವ’ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಹೇಳಿದರು: ‘ಸಾಯೋ ಕೂಸಿಗೆ ಅಯ್ಯನೋರೂ ಬೇಡ, ಚರ್ಚೂ ಬೇಡ. ದೀಕ್ಷಾಸ್ನಾನ ಆದ ಯಾವ ಹೆಂಗಸೇ ಆಗಲಿ, ಮನೆ ಕೊಡದಲ್ಲಿರೋ ನೀರು ಹಾಕಿ ಹೆಸರು ಹೇಳಿದ್ರೆ ಆಯ್ತು. ಅದು ನಿಯಮದಲ್ಲೇ ಇದೆ.’ ನಮ್ಮ ಮನೆಯಲ್ಲಿ ಹಂಡೆ ತುಂಬ ನೀರಿತ್ತು. ಆ ಹಂಡೆಯ ಪಕ್ಕದಿಂದಲೇ ನಾನು ಕೂಸನ್ನು ಎತ್ತಿಕೊಂಡು ಓಡಿದ್ದೆ. ‘ಮೇಷ್ಟ್ರಿಗೆ ಇದು ಗೊತ್ತಿತ್ತಾ?’ ಎಂದು ಕೇಳಿದೆ. ‘ಅದನ್ನ ಅವರನ್ನೇ ಕೇಳವ್ವ’ ಎಂದು ಅಯ್ಯನವರು ಮೋಟಾರ್ ಸೈಕಲ್ ಹತ್ತಿದರು.

ಮೇಷ್ಟ್ರನ್ನೇ ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. ‘ಗೊತ್ತಿತ್ತವ್ವ. ದೃಢೀಕರಣದ ಪಾಠದಲ್ಲಿ ನಾನು ಅದನ್ನ ಬೇಕಂತಲೇ ಹೇಳ್ಕೊಡಲ್ಲ. ಹೇಳ್ಕೊಟ್ರೆ ನೀವು ಹೆಂಗಸ್ರು ನಾಳೆಯಿಂದ ಎಲ್ಲಾ ಅಡುಗೆಮನೇಲೇ ಮುಗಿಸ್ತೀರಿ. ಚರ್ಚಿಗೆ ಏನು ಮರ್ಯಾದೆ ಉಳಿಯುತ್ತೆ?’ ಎಂದರು. ಪಾಠ ಹೇಳುವಾಗಿನ ಧ್ವನಿಯೇ. ನಾನು ಎದ್ದು ಬಂದೆ. ಅವತ್ತು ನನ್ನೊಳಗೆ ಏನು ಕೂತಿತೋ ಅದು ಮತ್ತೆ ಏಳಲಿಲ್ಲ.

ಸುಗ್ಗಿ ಹಬ್ಬದ ಭಾನುವಾರ ಬಿಷಪ್ಪರು ಬಂದರು. ಬಲಿಪೀಠದ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬಾಳೆಗೊನೆ ರಾಶಿ ಬಿದ್ದಿದ್ದವು. ಕಾರ್ಯಕ್ರಮದ ಚೀಟಿ ಹಳೆಯದೇ. ಅದರಲ್ಲಿ ಶಿಶು ಎಂದಿತ್ತೇ ಹೊರತು ಯಾವ ಶಿಶು ಎಂದಿರಲಿಲ್ಲವಲ್ಲ. ಪಟ್ಟಣದಲ್ಲಿದ್ದ ಮೇಷ್ಟ್ರ ಸೊಸೆ ತನ್ನ ಕೂಸನ್ನು ಕರೆತಂದಿದ್ದಳು. ಮೇಷ್ಟ್ರು ಮೊಮ್ಮಗನನ್ನು ಎತ್ತಿಕೊಂಡು ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಬಳಿ ನಿಂತರು. ಬಿಷಪ್ಪರು ನೀರು ಹಾಕಿದಾಗ ಕೂಸು ಕಿಟಾರನೆ ಕಿರುಚಿತು, ಜನ ನಕ್ಕರು. ಅಮೋಸ ನನ್ನ ಕೈ ಅದುಮಿ ಹಿಡಿದಿದ್ದ.

ಆಮೇಲೆ ಆ ತಿಂಗಳ ಪ್ರಭುಭೋಜನ. ಬಿಷಪ್ಪರು ರೊಟ್ಟಿಯನ್ನು ಮೇಲಕ್ಕೆತ್ತಿ ಮುರಿಯಲು ಹೋದರು. ಮುರಿಯಲಿಲ್ಲ. ಮತ್ತೊಮ್ಮೆ ಹಿಡಿದರು. ಅವರ ಉಂಗುರದ ಬೆರಳು ಬಿಳಿಚಿತು, ಕಿವಿ ಕೆಂಪಾಯಿತು. ನಮ್ಮ ಊರಿನ ಸಂಗತಿ ಅವರಿಗೆ ಯಾರೂ ಹೇಳಿದ್ದಂತೆ ಕಾಣಲಿಲ್ಲ, ರೊಟ್ಟಿ ಬೇಯಿಸಿದವರ ಮೇಲೆ ಸಿಟ್ಟಾದ ಹಾಗೆ ಆಚೀಚೆ ನೋಡಿದರು. ಅಯ್ಯನವರು ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಬಿಷಪ್ಪರು ರೊಟ್ಟಿಯನ್ನು ತಟ್ಟೆಗಿಟ್ಟು, ಅದು ತಮ್ಮ ಕಡೆ ನೋಡುತ್ತಿದೆಯೇನೋ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದರು. ಆಗಲೇ ಮೊದಲ ಸಲ ಇಡೀ ಸಭೆ ತಿರುಗಿ ನನ್ನನ್ನು ನೋಡಿದ್ದು. ನನಗೆ ಆ ಕ್ಷಣ ಆದ ತೃಪ್ತಿಯನ್ನು ಬಚ್ಚಿಡುವುದಿಲ್ಲ. ನನ್ನ ಮಗಳಿಗೆ ಗಂಟೆ ಹೊಡೆಯದ ಚರ್ಚು ಈಗ ಅವಳಿಗಾಗಿ ನಿಂತಿತ್ತು.

ಅಲ್ಲಿಂದ ಪ್ರತಿ ಸಮಾಧಾನದ ಸಂಜೆಯೂ ನಮ್ಮ ಮನೆಯಲ್ಲಿ ಜಾತ್ರೆ. ಹೆಂಗಸರು ಬೆಲ್ಲ ಹಿಡಿದುಕೊಂಡೇ ಬರುತ್ತಿದ್ದರು. ‘ನಾವೆಲ್ಲ ಕಳ್ಕೊಂಡಿಲ್ವೇನೇ? ಮನಸ್ಸು ದೊಡ್ಡದು ಮಾಡ್ಕೋ’ ಎಂದು ಒಬ್ಬಳು, ‘ನಿನ್ನ ಒಬ್ಬಳ ಹಟಕ್ಕೆ ಊರಿಗೂರೇ ಉಪವಾಸ’ ಎಂದು ಇನ್ನೊಬ್ಬಳು. ನಿಮ್ಮವ್ವ ಹೇಗಿದ್ದಳು, ನೀನು ಹೇಗಾದೆ ಎಂದು ಅಂದವರೂ ಉಂಟು. ಮನೆಗಳು ಸರದಿಯಂತೆ ರೊಟ್ಟಿ ಬೇಯಿಸಿ ಕೊಡುವ ಪದ್ಧತಿ ಇತ್ತು, ನನ್ನ ಸರದಿಯನ್ನು ಹೇಳದೆ ಕೇಳದೆ ತಪ್ಪಿಸಿದರು. ಗಿರಣಿಯಲ್ಲಿ ನನ್ನ ಹಿಟ್ಟಿನ ಡಬ್ಬಿಯನ್ನು ಸಾಲಿನಿಂದ ಹಿಂದಕ್ಕೆ ಸರಿಸಿದರು. ಸಭೆಯಿಂದಲೇ ತೆಗೆದುಹಾಕಿದರೆ ಹೇಗೆ ಎಂದು ಕಮಿಟಿಯಲ್ಲಿ ಮಾತು ಬಂತಂತೆ. ‘ಒಮ್ಮೆ ಬಿದ್ದ ನೀರನ್ನ ಒರೆಸೋಕೆ ಬರಲ್ಲ. ಸಾಯೋವರ್ಗೂ ಅವಳು ನಮ್ಮವಳೇ’ ಎಂದರಂತೆ ಅಯ್ಯನವರು. ಆಮೇಲೆ ನಾನು ಒಮ್ಮೆ ಕೆಮ್ಮಿದರೂ ಸಾಕು, ಕೆಲವರು ಆಸೆಯಿಂದ ವಿಚಾರಿಸತೊಡಗಿದರು.

ಮೇಷ್ಟ್ರೂ ಬಂದರು. ಅಂಗಳದಲ್ಲಿ ನಿಂತು ಲೋಟ ಮುಂದೆ ಹಿಡಿದು ‘ಏನಾದ್ರೂ ತಪ್ಪಾಗಿದ್ರೆ’ ಎಂದು ಶುರುಮಾಡಿದರು.

‘ಏನಾದ್ರೂ ಅಲ್ಲ ಮೇಷ್ಟ್ರೇ. ಏನು ಅಂತ ಹೇಳಿ’ ಎಂದೆ.

ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. ‘ದೇವರ ಚಿತ್ತಕ್ಕೆ ನಾನು ಹೊಣೆನೇನವ್ವ? ನಾನು ಪದ್ಧತಿ ಪ್ರಕಾರ ನಡ್ಕೊಂಡೆ. ನಿನ್ನ ಮೇಲೆ ನನಗೆ ಎಳ್ಳಷ್ಟೂ ಬೇಸರ ಇಲ್ಲ’ ಎಂದರು.

‘ನಿಮಗ್ಯಾಕೆ ಇರುತ್ತೆ? ಕೂಸನ್ನ ಗೋಡೆ ಒಳಕ್ಕೆ ತನ್ನಿ. ಗುಂಡಿ ಅಗೆಯೋದು ಬೇಡ, ಗೋಡೆನೇ ಆ ಕಡೆ ಸರಿಸಿ ಕಟ್ಟಿಸಿ. ಆಮೇಲೆ ಲೋಟ ಹಿಡ್ಕೊಂಡು ಬನ್ನಿ.’

‘ಗೋಡೆ ದೊರೆಗಳು ಕಟ್ಟಿಸಿದ್ದು’ ಎಂದು ಅವರು ಲೋಟವನ್ನು ಹೂವಿನ ಕುಂಡದ ಪಕ್ಕ ಇಟ್ಟು ಹೋದರು. ಸಂಜೆಯ ಹೊತ್ತಿಗೆ ಅದಕ್ಕೆ ಇರುವೆ ಮುತ್ತಿತ್ತು.

ಆ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಎಪ್ಪತ್ತು ದಾಟಿದ ಜೀವ, ತಿಂಗಳಿಗೊಮ್ಮೆ ಪ್ರಭುಭೋಜನ ತಪ್ಪಿಸದೆ ಬಾಳಿದವರು. ಈಗ ಅವರ ಬಾಯಿಗೆ ಏನೂ ಸೇರುತ್ತಿರಲಿಲ್ಲ, ಸೇರಬೇಕೆಂದು ಅವರು ಆಸೆಪಟ್ಟಿದ್ದು ಅದೊಂದು ತುಣುಕು. ಬಾಯಿಬಿಟ್ಟು ಕೇಳಲಿಲ್ಲ. ಭಾನುವಾರ ಚರ್ಚಿನ ಗಂಟೆ ಕೇಳಿದಾಗ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಳ್ಳುತ್ತಿದ್ದರು, ರೊಟ್ಟಿ ಇಸಿದುಕೊಳ್ಳುವಾಗ ಇಡುತ್ತೇವಲ್ಲ ಹಾಗೆ. ಅಮೋಸ ನನ್ನ ಹತ್ತಿರ ಬಂದು ಅತ್ತ. ‘ನಮ್ಮವ್ವನಿಗೋಸ್ಕರ, ಪ್ರಿಸಿಲ್ಲ. ಮೇಷ್ಟ್ರಿಗೋಸ್ಕರ ಅಲ್ಲ.’

ನಾನು ಪ್ರಯತ್ನಪಟ್ಟೆ. ಶನಿವಾರ ನಾನೇ ಮೇಷ್ಟ್ರ ಮನೆಗೆ ಹೋಗಿ ಬೆಲ್ಲದ ನೀರು ಕುಡಿದೆ. ಕ್ಷಮಿಸಿದ್ದೇನೆ ಎಂದೆ, ಮಂಡಿಯೂರಿ ದೇವರಿಗೂ ಅದನ್ನೇ ಹೇಳಿದೆ. ಮೇಷ್ಟ್ರು ಕಣ್ಣೊರೆಸಿಕೊಂಡರು. ಊರೆಲ್ಲ ಹಿಗ್ಗಿತು. ಬೆಳಿಗ್ಗೆ ಅಯ್ಯನವರು ರೊಟ್ಟಿ ಹಿಡಿದು ಎಳೆದರೆ ಅದು ಕೂದಲಷ್ಟೂ ಬಿರಿಯಲಿಲ್ಲ. ನನ್ನನ್ನು ಊರು ನಂಬಿತ್ತು, ಗಂಡ ನಂಬಿದ್ದ, ನಾನೂ ನಂಬಿಕೊಂಡಿದ್ದೆ. ರೊಟ್ಟಿ ನಂಬಲಿಲ್ಲ.

ಮನೆಗೆ ಬಂದು ಅತ್ತೆಯ ಕಾಲಬುಡದಲ್ಲಿ ಕೂತೆ. ‘ಆಗ್ಲಿಲ್ಲ ಅತ್ತೆ. ನನ್ನ ಕೈಲಿ ಆಗ್ಲಿಲ್ಲ’ ಎಂದೆ.

ಅವರು ನನ್ನ ತಲೆ ಸವರಿದರು. ‘ಬ್ಯಾಡ ಬಿಡವ್ವ. ನಮ್ ಕೂಸು ಅಲ್ಲಿ ಮುಳ್ಳು ಹೊದ್ಕೊಂಡು ಮಲಗೈತೆ, ನಾನಿಲ್ಲಿ ರೊಟ್ಟಿ ತಿಂದು ಏನ್ ಮಾಡ್ಲಿ? ನಾನ್ ಹಂಗೇ ಹೋಯ್ತೀನಿ. ನೀನು ಮಾತ್ರ ಗ್ವಾಡೆ ಬಿಡ್ಬ್ಯಾಡ.’

ಮುಂದಿನ ಭಾನುವಾರ ಕಾಣುವ ಮೊದಲೇ ಅವರು ಹೋದರು. ಅವರಿಗೆ ಗಂಟೆ ಹೊಡೆಯಿತು, ಗೋಡೆಯ ಒಳಗೆ ಒಳ್ಳೆಯ ಜಾಗವೇ ಸಿಕ್ಕಿತು. ಊರು ನನ್ನನ್ನು ಮುದುಕಿಯ ಕೊನೆಯ ತುತ್ತು ಕಸಿದುಕೊಂಡವಳು ಎಂದಿತು. ಅಮೋಸ ಅದನ್ನು ಬಾಯಲ್ಲಿ ಅನ್ನಲಿಲ್ಲ, ಆದರೆ ಅವತ್ತಿನಿಂದ ಅಂಗಡಿಯಲ್ಲೇ ಮಲಗತೊಡಗಿದ. ಅವನನ್ನು ದೂರುವುದಿಲ್ಲ. ಅವನೂ ಎರಡು ಹೆಣ ಹೊತ್ತವನು.

ಮಳೆಗಾಲ ಕಳೆದು ಕ್ರಿಸ್‌ಮಸ್ ಹತ್ತಿರ ಬರುವ ಹೊತ್ತಿಗೆ ಸಭೆ ಸೋತಿತು. ಕ್ರಿಸ್‌ಮಸ್ಸಿಗೂ ರೊಟ್ಟಿ ಮುರಿಯದಿದ್ದರೆ ಪಟ್ಟಣದಿಂದ ಬರುವ ನೆಂಟರ ಮುಂದೆ ಮಾನ ಹೋಗುತ್ತದೆ ಎಂದು ಕಮಿಟಿಯವರು ಕೂತು, ಗೋಡೆಯನ್ನು ಕೆರೆಯ ದಾರಿಯ ಕಡೆಗೆ ಸರಿಸಿ ಕಟ್ಟುವುದೆಂದು ತೀರ್ಮಾನ ಮಾಡಿದರು. ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಬಂದು ಸೈಜುಗಲ್ಲು ಸುರಿಯಿತು. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಆ ಸದ್ದು ಕೇಳಿ ಹಾಗೇ ಕೂತುಬಿಟ್ಟೆ. ನನ್ನೊಳಗೆ ಬಹಳ ದಿನದಿಂದ ಮುಷ್ಟಿ ಕಟ್ಟಿಕೊಂಡಿದ್ದುದರ ಒಂದು ಬೆರಳು ಸಡಿಲಿದ ಹಾಗಾಯಿತು. ಕಲ್ಲು ಏರುತ್ತಾ ಹೋದರೆ ಮಿಕ್ಕ ಬೆರಳುಗಳೂ ಬಿಚ್ಚಿಕೊಳ್ಳುತ್ತವೆ ಅನ್ನಿಸಿತು. ಗಾರೆಯವನು ಬಂದು ದಾರ ಹಿಡಿದು ಅಳತೆ ಮಾಡಿದ. ನಾನೇ ಅವನಿಗೆ ಮಜ್ಜಿಗೆ ಕೊಟ್ಟೆ.

ಅದೇ ವಾರ ದೇವಸಹಾಯ ಅಯ್ಯನವರಿಗೆ ವರ್ಗವಾಯಿತು. ಅವರ ಜಾಗಕ್ಕೆ ನಿರ್ಮಲಕುಮಾರ ಎಂಬ ಚಿಕ್ಕ ವಯಸ್ಸಿನ ಅಯ್ಯನವರು ಬಂದರು. ಚುರುಕಿನ ಮನುಷ್ಯ, ನಗುಮುಖ. ಊರಿನ ತಾಪತ್ರಯ ಕೇಳಿ ‘ಇಷ್ಟೇನಾ?’ ಎಂದು ನಕ್ಕರಂತೆ. ಕ್ರಿಸ್‌ಮಸ್ ಬೆಳಿಗ್ಗೆ ಬಲಿಪೀಠದ ಮೇಲೆ ರೊಟ್ಟಿ ಇರಲಿಲ್ಲ. ಪಟ್ಟಣದಿಂದ ತಂದ ಪೊಟ್ಟಣ ಒಡೆದು, ಅಂಗಿಯ ಗುಂಡಿಯಷ್ಟಗಲದ ಬಿಳಿ ಬಿಲ್ಲೆಗಳನ್ನು ತಟ್ಟೆಗೆ ಸುರಿದಿದ್ದರು. ಯಂತ್ರದಲ್ಲಿ ಮಾಡಿದ್ದು, ಒಬ್ಬೊಬ್ಬರಿಗೆ ಒಂದೊಂದು. ಮುರಿಯುವ ಪ್ರಮೇಯವೇ ಇಲ್ಲ. ಜನ ಬಲಿಪೀಠದೆದುರಿನ ಮರದ ಅಡ್ಡಪಟ್ಟಿ, ಕಟಾಂಜನದ ಮುಂದೆ ಮಂಡಿಯೂರಿ ಅಂಗೈಯಲ್ಲಿ ಬಿಲ್ಲೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಎಷ್ಟೋ ಮಂದಿ ಅತ್ತರು. ಮೇಷ್ಟ್ರು ಎಲ್ಲರಿಗಿಂತ ಮೊದಲು ಹೋಗಿ ಬಂದು, ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ನಾನು ಎದ್ದು ಹೋಗಲಿಲ್ಲ. ಅವತ್ತು ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಹಬ್ಬ ಮುಗಿದರೂ ಗಾರೆಯವನ ಸುಳಿವಿಲ್ಲ. ಕಾದು ಕಾದು ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ, ಹಬ್ಬಕ್ಕೆ ಬಂದು ಉಳಿದಿದ್ದ ಮೊಮ್ಮಗನಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು.

‘ಗೋಡೆ ಯಾವಾಗ ಮೇಷ್ಟ್ರೇ?’

‘ಈಗ್ಯಾಕವ್ವ?’ ಎಂದರು ಅವರು. ಕುಹಕವೇನೂ ಇರಲಿಲ್ಲ, ಮುಖದಲ್ಲಿ ನಿಜವಾದ ಅಚ್ಚರಿ ಇತ್ತು. ‘ಈಗ ರೊಟ್ಟಿ ತೊಂದ್ರೆ ಇಲ್ವಲ್ಲ.’

ಸೈಜುಗಲ್ಲುಗಳನ್ನು ಚರ್ಚಿನ ಮುಂದೆ ಒಂದು ಕಟ್ಟೆ ಕಟ್ಟಲು ಬಳಸಿದರು. ಬಿಷಪ್ಪರು ಬಂದ ನೆನಪಿಗೆ ಅದರ ಮೇಲೆ ಫಲಕ ಹಾಕಿದರು. ಸಮಾಧಾನದ ಸಂಜೆಯೂ ಮೆಲ್ಲಗೆ ನಿಂತುಹೋಯಿತು. ಬೇಡವಾದ ಮೇಲೆ ಯಾರು ಓಡಾಡುತ್ತಾರೆ? ವಾರಗಿತ್ತಿಯರು ಮಾತು ಬಿಟ್ಟು ಬೇರೆ ಬೇರೆ ಬೆಂಚಿನಲ್ಲಿ ಕೂತರು. ಬೇಲಿಯ ಜಗಳ ಕೋರ್ಟಿಗೆ ಹೋಯಿತು, ಪಕ್ಕದ ಊರಿನ ವಕೀಲರಿಗೆ ಅನ್ನ ಸಿಕ್ಕಿತು. ಭಾನುವಾರ ಎಲ್ಲರೂ ಸಾಲಾಗಿ ಹೋಗಿ ಬಿಲ್ಲೆ ತಿಂದು, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಬರುತ್ತಿದ್ದರು. ನನ್ನ ಜೊತೆ ಮಾತ್ರ ಎಲ್ಲರೂ ಚೆನ್ನಾಗಿಯೇ ಮಾತಾಡತೊಡಗಿದರು. ಗಿರಣಿಯಲ್ಲಿ ಡಬ್ಬಿ ಸರದಿಯಲ್ಲೇ ಉಳಿಯಿತು. ನನ್ನ ಕೋಪ ಈಗ ಯಾರ ದಾರಿಗೂ ಅಡ್ಡವಿರಲಿಲ್ಲ. ಅದನ್ನು ನಾನು ಇಟ್ಟುಕೊಂಡರೂ ಒಂದೇ, ಬಿಟ್ಟರೂ ಒಂದೇ.

ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಮಾತ್ರ ಉಳಿದಿತ್ತು. ಈ ಬಿಲ್ಲೆಗಳನ್ನು ಮುರಿಯಲು ಯಾರೂ ನೋಡಿಯೇ ಇರಲಿಲ್ಲವಲ್ಲ. ಊರು ಮರೆತರೂ ದೇವರು ಮರೆತಿರಲಾರ, ಬಿಲ್ಲೆಯೂ ಮುರಿಯದೆ ನಿಂತರೆ ಅದನ್ನು ಎತ್ತಿ ಹಿಡಿದು ಸಭೆಗೆಲ್ಲ ತೋರಿಸುತ್ತೇನೆ ಅಂದುಕೊಂಡೆ. ಗುಡ್ ಫ್ರೈಡೆ ಕಳೆದು ಈಸ್ಟರ್ ಬಂತು. ಅವತ್ತು ಎದ್ದು ಸಾಲಿನಲ್ಲಿ ನಿಂತೆ. ಜನ ಒಬ್ಬರನ್ನೊಬ್ಬರು ತಿವಿದು ನನಗೆ ದಾರಿ ಬಿಟ್ಟರು. ಮಂಡಿಯೂರಿ ಕೈಯೊಡ್ಡಿದೆ. ಚಿಕ್ಕ ಅಯ್ಯನವರು ಬಿಲ್ಲೆ ಇಟ್ಟು ಮುಂದೆ ಸರಿದರು. ಅದಕ್ಕೆ ತೂಕವೇ ಇರಲಿಲ್ಲ. ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು, ಹಂಡೆಯ ನೀರನ್ನು, ಮುಳ್ಳಿನ ಕೆಳಗಿನ ನನ್ನ ಎಸ್ತೇರನ್ನು, ಮೇಷ್ಟ್ರ ಒಣ ಕೈಯನ್ನು ನೆನೆದುಕೊಂಡು ಮೆಲ್ಲಗೆ ಅದುಮಿದೆ. ನನ್ನ ಎದೆಯಲ್ಲಿ ಸಾಸಿವೆಯಷ್ಟೂ ಕ್ಷಮೆ ಇರಲಿಲ್ಲ.

ಬಿಲ್ಲೆ ಟಕ್ಕೆಂದು ಮುರಿಯಿತು.

ನನಗೆ ಅಳು ಬಂತು. ಕೂಸು ಹೋದಾಗ, ಅತ್ತೆ ಹೋದಾಗ ಅಳದಷ್ಟು ಅಳು ಬಂದು, ಕಟಾಂಜನದ ಮೇಲೆ ಹಣೆಯಿಟ್ಟು ಗೋಳಾಡಿದೆ. ಎರಡು ತುಂಡೂ ಅಂಗೈಯಲ್ಲೇ ಬೆವರಿಗೆ ಕರಗಿ ಅಂಟಾದವು. ಹಾರ್ಮೋನಿಯಂ ನಿಂತಿತು. ‘ಕೊನೆಗೂ ಮನಸ್ಸು ಕರಗ್ತು ನೋಡು’ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿತು. ಮೇಷ್ಟ್ರು ಬಂದು ಪಕ್ಕದಲ್ಲಿ ಕಷ್ಟಪಟ್ಟು ಮಂಡಿಯೂರಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಬೆಚ್ಚಗಿತ್ತು.

‘ಅಳಬೇಡ ಪ್ರಿಸಿಲ್ಲ’ ಎಂದರು, ಎಲ್ಲರಿಗೂ ಕೇಳುವ ಹಾಗೆ. ‘ನಾನು ನಿನ್ನನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ ಕಣವ್ವ.’

ಇಡೀ ಸಭೆ ಆಮೆನ್ ಎಂದಿತು.